ಕೀಲು ಬಾಗಿಸುವ ಎಣ್ಣೆ

ಆ ಎಣ್ಣೆಗೆ ಕೊಟ್ಟಿದ್ದು ನಲವತ್ತು ರೂಪಾಯಿ. ತೊಂಬತ್ತರ ದಶಕದ ಶುರುವಿನಲ್ಲಿ ಅದು ಮೂರು ರವಿಕೆ ಬಟ್ಟೆಯ ದುಡ್ಡು. ಕೊಟ್ಟೂರಿನ ಸಂತೆಯವನು ಹೇಳಿದ್ದು ಎಪ್ಪತ್ತು. “ಹಚ್ಚಿ ನೋಡ್ರಿ ಅಕ್ಕಾರ, ಒಣಕಟ್ಟಿಗಿನೂ ಬಾಗತೈತಿ” ಅಂದ. ತಲೆಯ ಮೇಲೆ ಗಂಟು ಹೊತ್ತು ಬಟ್ಟೆ ಮಾರಿ, ಆಮೇಲೆ ಹಡಗಲಿಯಲ್ಲಿ ಅಂಗಡಿ ಇಟ್ಟವಳು ನಾನು. ಇಂಥ ಮಾತು ನಾನೇ ದಿನಾ ಆಡುತ್ತಿದ್ದೆ. ಆದರೂ ಕೊಂಡೆ. ಕಾರಣ, ನನ್ನ ಮೈದುನನ ಮಗಳು.

ಅವಳಿಗೂ ನನ್ನ ಮಗನಿಗೂ ಆಗ ಐದೇ ವರ್ಷ. ಸಂಜೆ ಹೆಂಗಸರೆಲ್ಲ ಪಡಸಾಲೆಯಲ್ಲಿ ಮಲ್ಲಿಗೆ ಕಟ್ಟಲು ಕೂತರೆ, ಅವಳೂ ಕಾಲು ಚಾಚಿ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಳ್ಳುವಳು. ದಾರ ಸಡಿಲಾದರೆ ಕೈ ಹಚ್ಚುತ್ತಿರಲಿಲ್ಲ. ಸೊಂಟದಿಂದ ಮಡಚಿಕೊಂಡು ಹಲ್ಲಿನಲ್ಲೇ ಎಳೆಯುವಳು. ಬೇಸರವಾದರೆ ಪಾದ ಎತ್ತಿ ಕಿವಿಯ ಹಿಂದೆ ಇಟ್ಟುಕೊಂಡು ನಗುವಳು.

“ಬಳ್ಳಿ ಇದ್ದಂಗ ಅದಾಳ ನೋಡ್ರಿ ನನ್ನ ಮೊಮ್ಮಗಳು” ಎನ್ನುವರು ಅತ್ತೆ. ಆಮೇಲೆ ನನ್ನ ಮಗನ ಕಡೆ ತಿರುಗಿ, “ನೀನೇನಲೇ, ಗೂಟ ನುಂಗೀಯೇನು?”

ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಕೈಯಲ್ಲಿದ್ದ ಮೊಗ್ಗು ಹಿಸುಕಿಹೋಗಿರುತ್ತಿತ್ತು. ಕಾಲು ಚಾಚಿ ಬಗ್ಗಿದರೆ ನನ್ನ ಮಗನ ಕೈ ಮಂಡಿ ದಾಟುತ್ತಿರಲಿಲ್ಲ. ಡಾಕ್ಟರು ನೋಡಿ, “ಹುಡುಗ ಗಟ್ಟಿ ಅದಾನ. ಒಬ್ಬೊಬ್ರ ಕೀಲು ಒಂದೊಂದು ನಮೂನಿ ಇರ್ತಾವಮ್ಮ” ಎಂದರು. ಆ ಮಾತಿಗೆ ನನ್ನ ಹೊಟ್ಟೆ ತಂಪಾಗಲಿಲ್ಲ. ಪಕ್ಕದ ಅಂಗಡಿಯಲ್ಲಿ ಒಂದು ಬಣ್ಣ ಹೆಚ್ಚಿದ್ದರೂ ಸಹಿಸದವಳು, ಮನೆಯೊಳಗೆ ಹೇಗೆ ಸಹಿಸಲಿ?

ಬೆಳಿಗ್ಗೆ ಎಣ್ಣೆ ಬಿಸಿಗಿಟ್ಟರೆ ಸಾಕು, ಘಾಟು ಬಡಿದು ಮಗ ಓಟ ಕೀಳುತ್ತಿದ್ದ. ಕಟ್ಟೆ ಹಾರಿ, ಹಿತ್ತಲ ಮೋಟುಗೋಡೆ ಹತ್ತಿ, ಅದರ ಮೇಲೇ ನಡೆದು ಆಚೆಯ ಹುಲ್ಲಿನ ರಾಶಿಗೆ ಜಿಗಿಯುತ್ತಿದ್ದ. “ಬಾರಲೇ, ನಲವತ್ತು ರೂಪಾಯಿದು ಐತಿ!” ಎಂದು ನಾನು ಬಟ್ಟಲು ಹಿಡಿದು ಹಿಂದೆ. ಸಿಕ್ಕ ದಿನ ಕಾಲು ಜಗ್ಗಿ ಜಗ್ಗಿ ತಿಕ್ಕುತ್ತಿದ್ದೆ. ಅವನು ಅತ್ತನೇ ಹೊರತು, ಬಾಗಲಿಲ್ಲ.

ಬೇಸಿಗೆ ರಜೆಯಲ್ಲಿ ಮಕ್ಕಳು ಅಂಗಳದಲ್ಲಿ ಕುಂಟಾಬಿಲ್ಲೆ ಆಡಿದರು. ಮೈದುನನ ಮಗಳು ಎರಡನೇ ಮನೆಗೇ ಪಾದ ಹೊರಳಿ ಕೂತಳು. ಎದ್ದಳು, ಮತ್ತೆ ಕೂತಳು. ನನ್ನ ಗೂಟ ಒಂಟಿಕಾಲಲ್ಲಿ ಕೊನೆಯ ಮನೆ ಮುಟ್ಟಿ, ಗಿರಕ್ಕನೆ ತಿರುಗಿ ವಾಪಸು ಬಂದ.

ಸಂಜೆ ಹೂವು ಕಟ್ಟುವಾಗ ಅವಳ ತಾಯಿ ನನ್ನ ಪಕ್ಕಕ್ಕೆ ಸರಿದಳು.

“ಅಕ್ಕಾ, ಆ ಎಣ್ಣಿ ಎಲ್ಲಿ ತಂದಿ?”

ಅವಳ ಕಣ್ಣಲ್ಲಿದ್ದುದು ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಅವತ್ತು ಒಂದು ಮೊಗ್ಗನ್ನೂ ಹಿಸುಕದೆ ಕಟ್ಟಿದೆ.

“ಅರ್ಧ ಶೀಸೆ ಉಳಿದೈತಿ, ಒಯ್ಯಿ. ಹಚ್ಚಬ್ಯಾಡ, ಬರೇ ಬಿಸಿ ಮಾಡು. ಘಾಟಿಗೆ ಮಗಳು ಓಡಲಿ.”

ನೀವೂ ಇಂಥ ಎಣ್ಣೆ ಕೊಳ್ಳುವ ಮುಂಚೆ ಮಗುವನ್ನು ಅಂಗಳಕ್ಕೆ ಬಿಟ್ಟು ನೋಡಿ. ಓಡಿ, ಹತ್ತಿ, ಹಾರುತ್ತಿದ್ದರೆ ರೊಕ್ಕ ಸೊಂಟದಲ್ಲೇ ಇರಲಿ. ಬಾಗದ ಕಾಲನ್ನು ಜಗ್ಗಬೇಡಿ. ಕೊಂಡೇ ತೀರುವಿರಾದರೆ ಅವನು ಹೇಳಿದ್ದರ ಅರ್ಧಕ್ಕಿಂತ ಮೇಲೆ ಕೊಡಬೇಡಿ. ನಾನು ಅಲ್ಲೇ ಐದು ರೂಪಾಯಿ ಸೋತೆ. ಇನ್ನು, ಬೇರೆಯವರ ಮಗು ಪಾದವನ್ನು ಕಿವಿಗೆ ಮುಟ್ಟಿಸಿದರೆ ತಲೆ ಎತ್ತದೆ ಹೂವು ಕಟ್ಟುತ್ತಿರಿ. ಅದೊಂದು ನನಗೆ ಇನ್ನೂ ಸಾಧ್ಯವಾಗಿಲ್ಲ.