ಅಜ್ಜಿ ಹೊಸೆದ ದಪ್ಪ ತಂತಿ

ವಾದ್ಯಗಳ ಅಂಗಡಿಯಲ್ಲಿ ಎರಡು ಗಂಟೆ ನಿಂತು ದಣಿದಿದ್ದೆ. ಮಗಳು ಬೇಸ್ ಗಿಟಾರಿನ ದಪ್ಪ ತಂತಿ ಮೀಟುವುದನ್ನು ಕಂಡು ಶಿಡ್ಲಘಟ್ಟದ ಮನೆ ನೆನಪಾಯಿತು.

ಕಾಲೇಜು ವಾರ್ಷಿಕೋತ್ಸವದ ಹಿಂದಿನ ದಿನ ಚಿಕ್ಕಪ್ಪನ ಎಲೆಕ್ಟ್ರಿಕ್ ಬೇಸ್ ಗಿಟಾರಿನ ದಪ್ಪ ತಂತಿ ಕಿತ್ತುಹೋಗಿತ್ತು. ರೇಷ್ಮೆಗೂಡಿನಿಂದ ನೂಲು ತೆಗೆಯುತ್ತಿದ್ದ ಅಜ್ಜಿ ರೇಷ್ಮೆ ಎಳೆಗಳನ್ನೇ ಹೊಸೆದು ಕೊಟ್ಟರು. "ಆನೆ ಕಟ್ಟಿದ್ರೂ ಕಿತ್ತೋಗಲ್ಲ, ನುಡಿಸೋಗಪ್ಪ." ಅದು ಕಿತ್ತುಹೋಗಲಿಲ್ಲ, ಲೋಹದ್ದಲ್ಲವಾದ್ದರಿಂದ ನುಡಿಯಲೂ ಇಲ್ಲ. ಚಿಕ್ಕಪ್ಪ ಮಾತ್ರ ವೇದಿಕೆಯ ಮೇಲೆ ಅದನ್ನೇ ಮೀಟುತ್ತಾ ತಲೆದೂಗಿದರು.

ನೋಡಲು ಹೋಗಿದ್ದ ನನ್ನೊಂದಿಗೆ ಮನೆಗೆ ಬಂದು, "ಚೆನ್ನಾಗಿ ನುಡೀತಮ್ಮ" ಎಂದರು. ಅಜ್ಜಿ ನನ್ನತ್ತ ತಿರುಗಿದರು.

"ನಿಂಗೆ ಕೇಳಿಸ್ತೇನಮ್ಮ?"

"ಒಂಚೂರೂ ಇಲ್ಲಜ್ಜಿ."

ನಿಜ ಹೇಳಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಅದಕ್ಕೇ ಹೇಳಿದೆನೋ, ಜಾಣೆ ಅನ್ನಿಸಿಕೊಳ್ಳಲೋ, ಈಗಲೂ ಗೊತ್ತಿಲ್ಲ. ಅಜ್ಜಿ ಗಿಟಾರಿನಿಂದ ಹುರಿ ಬಿಚ್ಚತೊಡಗಿದರು.

"ಕೇಳಿಸ್ತಾಮ್ಮ?" ಮಗಳು ಕೇಳಿದಳು. ಅಂಗಡಿಯ ಗದ್ದಲದಲ್ಲಿ ನನಗೇನೂ ಕೇಳಿಸಿರಲಿಲ್ಲ.

"ಕೇಳಿಸ್ತು ಕಣೇ" ಎಂದೆ.