ಮಾವನಿಗೆ ನಾನು ಹೇಳಿದ ರೇಸು

ನನ್ನ ಸೋದರಮಾವ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ರಸ್ತೆಯ ತಗ್ಗುಗಳೆಲ್ಲ ಅವರಿಗೆ ಬಾಯಿಪಾಠ. ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದಿತು.

ನಾನು ಬಸವನ ಬಾಗೇವಾಡಿಯಲ್ಲಿ ಟೀಚರು. ಭಾನುವಾರ ಸಂಜೆ ಅವರ ಮನೆಗೆ ಹೋಗುತ್ತಿದ್ದೆ. ಒಮ್ಮೆ ನನ್ನ ಮೊಬೈಲಿನಲ್ಲಿ ಫಾರ್ಮುಲಾ ಒನ್ ಕಾರು ರೇಸು ನಡೆದಿತ್ತು. ಎಂಜಿನ್ ಸಪ್ಪಳ ಕೇಳಿ ಮಾವ ಎದ್ದು ಕುಳಿತರು.

"ಅದೇನವಾ, ಇಷ್ಟ್ ಚೀರಾಕತ್ತೈತಿ?"

ಹೇಳಿದೆ. ನಾಲ್ಕೂ ಗಾಲಿ ಎರಡು ಮೂರು ಸೆಕೆಂಡಿನಲ್ಲಿ ಬದಲಿಸುತ್ತಾರೆ ಎಂದಾಗ ನಕ್ಕುಬಿಟ್ಟರು. "ಝಳಕಿ ಹತ್ರ ಪಂಕ್ಚರ್ ಆದ್ರ ನಾನೂ ಕಂಡಕ್ಟರೂ ಕೂಡಿ ಒಂದ್ ತಾಸು ಗುದ್ದಾಡ್ತಿದ್ವಿ!"

ಅಂದಿನಿಂದ ಪ್ರತಿ ರೇಸೂ ನಾನು ನೋಡಿ ಹೇಳುವುದು, ಅವರು ಕೇಳುವುದು. ಕಾಮೆಂಟರಿಯ ಇಂಗ್ಲಿಷು ಅವರಿಗೆ ತಿಳಿಯುತ್ತಿರಲಿಲ್ಲ. ಇದ್ದವರಲ್ಲಿ ಎಲ್ಲರಿಗಿಂತ ವಯಸ್ಸಾದ ಡ್ರೈವರನ್ನು ತಮ್ಮವನೆಂದು ಆರಿಸಿಕೊಂಡರು. "ನಮ್ ಮುದುಕ ಎಲ್ಲಿ ಅದಾನ?" ಎಂದು ಮತ್ತೆ ಮತ್ತೆ ಕೇಳುವರು. ಆ ಮುದುಕ ಹಿಂದೆಯೇ ಇರುತ್ತಿದ್ದ.

ಸೀಸನ್ ಅರ್ಧಕ್ಕೆ ಬಂದಿತ್ತು. ಕಣ್ಣು ಇನ್ನು ಬರುವುದಿಲ್ಲ ಎಂದು ವಿಜಯಪುರದ ಡಾಕ್ಟರು ಖಡಾಖಂಡಿತವಾಗಿ ಹೇಳಿದ ವಾರ ಅದು. ಮಾವ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಭಾನುವಾರ ಅವರು ಕೇಳಿದಾಗ ಮುದುಕ ಹದಿಮೂರನೆಯವನಾಗಿದ್ದ. ನನ್ನ ಬಾಯಿಂದ "ನಾಕನೇದವ್ರಿ ಮಾವಾ" ಎಂದು ಬಂದುಬಿಟ್ಟಿತು. ಅವರ ಮುಖ ಅರಳಿತು. ಅಂದು ಎರಡು ರೊಟ್ಟಿ ಉಂಡರು.

ಆಮೇಲೆ ನಿಲ್ಲಿಸಲು ಆಗಲಿಲ್ಲ. ಒಂದು ವಾರ ಎರಡನೆಯವನು, ಒಂದು ವಾರ ಐದನೆಯವನು. ಯಾರನ್ನು ಯಾವ ತಿರುವಿನಲ್ಲಿ ಹಿಂದೆ ಹಾಕಿದ ಎಂದು ಕಥೆ ಕಟ್ಟಿ ಹೇಳುತ್ತಿದ್ದೆ. ನಿಜ ಹೇಳುವುದಾದರೆ, ಹೇಳುವುದರಲ್ಲಿ ನನಗೂ ರುಚಿ ಹತ್ತಿತ್ತು.

ಕೊನೆಯ ರೇಸಿಗೆ ಒಂದು ವಾರ ಇರುವಾಗ ಗೊಳಸಂಗಿಯಿಂದ ನೆಂಟರ ಹುಡುಗಿಯೊಬ್ಬಳು ಬಂದಳು. ಕಾಲೇಜು ಓದುವವಳು, ರೇಸು ನೋಡುವವಳು. ಮಾವ ಹಿಗ್ಗಿನಿಂದ ಅವಳಿಗೆ ಹೇಳಿದರು: "ನಮ್ ಮುದುಕ ಈ ವರ್ಷ ಮೂರನೇದವ ಆಗ್ತಾನ, ನೋಡ್ತಿರು."

ಅವಳು ನಕ್ಕಳು. "ಯಾರ್ ಹೇಳ್ಯಾರ್ರಿ ಅಜ್ಜಾ? ಮೊದಲ ಹತ್ತರಾಗೂ ಇಲ್ರಿ ಅಂವ."

ನಾನು ಚಹಾ ಹಿಡಿದು ಬಾಗಿಲಲ್ಲೇ ನಿಂತೆ. ಮಾವ, "ನಿನಗ ಸರಿ ಗೊತ್ತಿಲ್ಲವಾ. ನಮ್ ಟೀಚರ್ ಎಲ್ಲಾ ರೇಸೂ ನೋಡ್ತಾಳ" ಎಂದರು. ಅವರು ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಹುಡುಗಿ ಹೋದ ಮೇಲೆ ನನ್ನನ್ನು ಕರೆದರು. "ನನ್ ಬಸ್ಸಿನ್ಯಾಗ ಕಣ್ಣಿಲ್ಲದವರು ಹತ್ತತಿದ್ರು. ಸಿಂದಗಿ ಬಂತೇನ್ರಿ ಅಂತ ಕೇಳವ್ರು. ಊರ ಬರಲಾರದ, ಬಂತು ಅಂತ ಒಮ್ಮೆನೂ ಹೇಳಿಲ್ಲವಾ ನಾ."

"ತಪ್ಪಾತ್ರಿ ಮಾವಾ" ಎಂದೆ. ಅವರು ಕೈಯಿಂದ ಗೋಡೆ ಸವರುತ್ತಾ ಒಳಗೆ ಹೋದರು.

ಕೊನೆಯ ರೇಸಿನ ದಿನ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುದುಕ ಹದಿನಾರನೆಯವನು. ಮಾವ ತಲೆಯಾಡಿಸಿ ಕೇಳಿದರು: "ಖರೇನ?"

ಆ ಮಾತು ಅವರ ಬಾಯಿಗೆ ಅಂಟಿಕೊಂಡಿದೆ. ಹೊರಗೆ ಮಳೆ ಹನಿಯುತ್ತಿದೆ ಎಂದರೂ ಕೇಳುತ್ತಾರೆ, ಖರೇನ? ಹೌದ್ರಿ ಮಾವಾ, ಖರೇನ ಐತಿ, ಎನ್ನುತ್ತೇನೆ. ಆದರೂ ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡುತ್ತಾರೆ.