ಸೊಟ್ಟ ಹ್ಯಾಂಡಲ್

ನಾನು ಹೇಳಲಿಲ್ಲ. ಗಾಡಿ ಬಿದ್ದಿತ್ತು, ಬೀಳಿಸಿದವಳು ನಾನು — ಹೇಳಬೇಕಾಗಿದ್ದದ್ದು ಇಷ್ಟೇ. ಇಷ್ಟನ್ನು ನನ್ನ ಅಣ್ಣನಿಗೆ ಮೂರು ವರ್ಷ ಹೇಳದೆ ಉಳಿದೆ. ಆ ಮೂರು ವರ್ಷದಲ್ಲಿ ಅವನ ಬಲಗೈ ಹಾಳಾಯಿತು. ಕೈಗಿಂತ ದೊಡ್ಡದೂ ಒಂದು ಹಾಳಾಯಿತು. ಅದನ್ನು ಬರೆಯಲಿಕ್ಕೇ ಕೂತಿದ್ದೇನೆ.

ನಾನು ಹೆಚ್ಚು ಓದಿದವಳಲ್ಲ. ಮಸಿನಗುಡಿಯಲ್ಲಿ ಎಂಟನೇ ಕ್ಲಾಸಿನವರೆಗೆ, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿಸಿದ್ದು ಅಮ್ಮ. ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಿ. ಬೇರೆ ತಪ್ಪನ್ನು ಕ್ಷಮಿಸಿ ಎಂದು ನಿಮ್ಮನ್ನು ಕೇಳುತ್ತಿಲ್ಲ.

ಅಪ್ಪನ ವಿಷಯ ಮೊದಲು ಹೇಳಬೇಕು. ಇಲ್ಲದಿದ್ದರೆ ಅಣ್ಣನ ಭಯ ಅರ್ಥವಾಗುವುದಿಲ್ಲ. ಅಪ್ಪನಿಗೆ ಮೊದಲು ಬಲಗೈಯ ಬೆರಳುಗಳು ಜೋಮು ಹಿಡಿದವು. ಆಮೇಲೆ ಆ ಕೈ ಸೊರಗಿತು, ಆಮೇಲೆ ಎಡಗೈ, ಆಮೇಲೆ ಕಾಲು, ಕೊನೆಗೆ ನಾಲಿಗೆ. ಎರಡು ವರ್ಷ ಹಾಸಿಗೆಯ ಮೇಲಿದ್ದರು. ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿತ್ತು. ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದವನು ನನ್ನ ಅಣ್ಣ ಮಾದೇಶ. ಅವನಿಗೆ ಆಗ ಹದಿನೇಳು ವರ್ಷ. ಅಪ್ಪ ಹೋದ ಮೇಲೆ ಮನೆಯಲ್ಲಿ ನಾವು ಮೂವರೇ — ಅಮ್ಮ, ಅಣ್ಣ, ನಾನು. ಆ ಕಾಯಿಲೆಯ ಹೆಸರನ್ನು ನಾವು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಎದ್ದು ಬರುತ್ತದೆ ಎನ್ನುವ ಹಾಗೆ.

ಅಣ್ಣ ಬ್ರೆಡ್ ವ್ಯಾಪಾರಕ್ಕೆಂದು ಬೈಕ್ ತೆಗೆದುಕೊಂಡ. ಬೆಳಿಗ್ಗೆ ಕಲ್ಲಟ್ಟಿ ಘಾಟಿ ಹತ್ತಿ ಊಟಿಗೆ ಹೋಗುವುದು, ಅಲ್ಲಿನ ಬೇಕರಿಯಿಂದ ವರ್ಕಿ, ಬನ್ನು, ಬ್ರೆಡ್ಡು ತುಂಬಿಕೊಂಡು ಇಳಿಯುವುದು, ಮಸಿನಗುಡಿಯ ಟೀ ಅಂಗಡಿಗಳಿಗೂ ಬೊಕ್ಕಾಪುರಂನ ರೆಸಾರ್ಟುಗಳಿಗೂ ಹಾಕುವುದು. ಹತ್ತುವಾಗ ಮೂವತ್ತಾರು ತಿರುವು, ಇಳಿಯುವಾಗ ಮೂವತ್ತಾರು ತಿರುವು. ನಾನು ಬೊಕ್ಕಾಪುರಂನ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದೆ. ಆ ಕಡೆ ಬ್ರೆಡ್ ಹಾಕಲು ಹೋಗುವಾಗ ನನ್ನನ್ನೂ ಹಿಂದೆ ಕೂರಿಸಿಕೊಂಡು ಹೋಗಿ ಬಿಡುತ್ತಿದ್ದ.

ನನಗೂ ಓಡಿಸಲು ಕಲಿಸು ಎಂದು ಎಷ್ಟೋ ಸಲ ಕೇಳಿದ್ದೆ. ಅವನು ನಗುತ್ತಿದ್ದ. "ನೀನು ಗಾಡಿ ಹತ್ತಿದ್ರೆ ಮೊದಲು ಊರಿನ ಕೋಳಿಗಳಿಗೆಲ್ಲ ಹೇಳಿ ಕಳಿಸ್ಬೇಕು, ಮನೆ ಒಳಗೇ ಇರಿ ಅಂತ." ಅಮ್ಮನೂ ನಗುತ್ತಿದ್ದಳು. ನನಗೆ ಉರಿಯುತ್ತಿತ್ತು.

ಒಂದು ದಿನ ಅಣ್ಣನೂ ಅಮ್ಮನೂ ನೆಂಟರ ಸಾವಿಗೆಂದು ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋದರು. ಕೀಲಿ ಮೊಳೆಯಲ್ಲಿ ನೇತಾಡುತ್ತಿತ್ತು. ಮಧ್ಯಾಹ್ನದ ಹೊತ್ತು. ಬೊಕ್ಕಾಪುರಂ ರಸ್ತೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡಿದೆ. ಹಿಂದೆ ಕೂತು ನೋಡಿ ನೋಡಿ ಎಲ್ಲಾ ಗೊತ್ತಿದೆ ಅಂದುಕೊಂಡಿದ್ದೆ. ಸ್ವಲ್ಪ ದೂರ ಹೋದೆ ಕೂಡ — ಆ ಸ್ವಲ್ಪ ದೂರದ ಸಂತೋಷ ಇವತ್ತಿಗೂ ನೆನಪಿದೆ, ಅದಕ್ಕೇ ನಾಚಿಕೆಯಾಗುತ್ತದೆ. ಪೊದೆಯಿಂದ ಎರಡು ಜಿಂಕೆ ಅಡ್ಡ ಹಾರಿದವು. ಮುಂದಿನ ಬ್ರೇಕನ್ನು ಒಮ್ಮೆಲೇ ಹಿಚುಕಿದೆ. ಗಾಡಿ ಮಗುಚಿತು, ಮುಂದಿನ ಚಕ್ರ ರಸ್ತೆ ಪಕ್ಕದ ಕಲ್ಲಿಗೆ ಬಡಿಯಿತು.

ನನಗೆ ಮೊಣಕಾಲು ತರಚಿತು, ಅಷ್ಟೇ. ಗಾಡಿಗೆ ಹೆಚ್ಚು ಗುರುತು ಕಾಣಲಿಲ್ಲ. ಮನೆಗೆ ತಂದು ಮಣ್ಣು ಒರೆಸಿದೆ, ಕನ್ನಡಿ ಸರಿ ಮಾಡಿದೆ. ಚಕ್ರ ನೆಟ್ಟಗೆ ನಿಲ್ಲಿಸಿ ನೋಡಿದಾಗ ಹ್ಯಾಂಡಲ್ ಸೊಟ್ಟಗಿತ್ತು. ಬಲತುದಿ ಕೂರುವವನ ಹೊಟ್ಟೆಯ ಕಡೆಗೆ, ಎಡತುದಿ ಮುಂದಕ್ಕೆ. ಎರಡು ಬೆರಳಿನಷ್ಟು. ಎಷ್ಟು ಎಳೆದರೂ ಕದಲಲಿಲ್ಲ. ಕೀಲಿಯನ್ನು ಮೊಳೆಗೆ ಸಿಕ್ಕಿಸಿಬಿಟ್ಟೆ.

ಮರುದಿನ ಅಣ್ಣ ಅಂದ, ಗಾಡಿ ಯಾಕೋ ಒಂದು ಕಡೆ ಎಳೀತಿದೆ ಅಂತ. ಟಯರ್ ಸವೆದಿರಬೇಕು ಅಂತ ತಾನೇ ಹೇಳಿಕೊಂಡ. ನಾನು ತಟ್ಟೆ ತೊಳೆಯುತ್ತಿದ್ದೆ. ಇನ್ನೊಂದು ತಟ್ಟೆ ಎತ್ತಿಕೊಂಡೆ. ವಾರದೊಳಗೆ ಅವನಿಗೆ ಅದೇ ಅಭ್ಯಾಸವಾಯಿತು. ಆ ದಿನ ಹೇಳಿದ್ದರೆ ಒಂದು ಬೈಗುಳ. ಆ ತಿಂಗಳು ಹೇಳಿದ್ದರೆ ಒಂದು ವಾರದ ಮುನಿಸು. ನನಗೆ ಭಯ ಅಂತ ಸುಮ್ಮನಿದ್ದೆ. ಏನು ಭಯ? ಬೈಸಿಕೊಳ್ಳುವ ಭಯ. ಅಷ್ಟು ಸಣ್ಣ ಭಯಕ್ಕೆ —

ಎರಡು ತಿಂಗಳಿಗೆ ಮಣಿಕಟ್ಟು ನೋಯತೊಡಗಿತು. ಮೊದಲು ಇಳಿದು ಬಂದ ಮೇಲೆ ಮಾತ್ರ, ಆಮೇಲೆ ಹತ್ತುವಾಗಲೂ. ಸಂಜೆ ನೀಲಗಿರಿ ಎಣ್ಣೆ ಬಿಸಿ ಮಾಡಿ ತಿಕ್ಕುವುದು ನನ್ನ ಕೆಲಸವಾಯಿತು. ಅವನು ಕಣ್ಣು ಮುಚ್ಚಿ ಕೈ ಚಾಚುತ್ತಿದ್ದ. "ನಿನ್ನ ಕೈಯಲ್ಲಿ ಏನೋ ಇದೆ ಕಣೇ ಗೌರಿ, ನೀನು ತಿಕ್ಕಿದ್ರೆ ಕಡಮೆ ಆಗುತ್ತೆ" ಅನ್ನುತ್ತಿದ್ದ. ನಾನು ತಿಕ್ಕುತ್ತಿದ್ದೆ. ಮರುದಿನ ಅವನ ಹಿಂದೆ ಕೂತು ಅದೇ ಮಣಿಕಟ್ಟು ಸೊಟ್ಟ ಹ್ಯಾಂಡಲಿನ ಮೇಲೆ ಮಡಚಿಕೊಂಡಿರುವುದನ್ನು ನೋಡುತ್ತಿದ್ದೆ. ಬೇರೆ ಯಾರಿಗೂ ಕಾಣದ್ದು ನನಗೆ ದಿನಾ ಕಾಣುತ್ತಿತ್ತು — ಎಲ್ಲಿ ನೋಡಬೇಕು ಅಂತ ನನಗೆ ಗೊತ್ತಿತ್ತಲ್ಲ.

ಒಂದು ಬೆಳಿಗ್ಗೆ ಅವನ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ಅಮ್ಮ ಒಲೆಯ ಮುಂದೆ ಇದ್ದವಳು ಹಾಗೇ ನಿಂತುಬಿಟ್ಟಳು. ಅಣ್ಣ ತನ್ನ ಹೆಬ್ಬೆರಳನ್ನೂ ಪಕ್ಕದ ಎರಡು ಬೆರಳನ್ನೂ ಒಂದಕ್ಕೊಂದು ಉಜ್ಜಿ ನೋಡಿಕೊಳ್ಳುತ್ತಿದ್ದ. ಅಪ್ಪ ಹಾಗೆಯೇ ಉಜ್ಜಿ ನೋಡಿಕೊಳ್ಳುತ್ತಿದ್ದರು.

ಅದಾದ ಮೇಲೆ ನಮ್ಮ ಮನೆಗೆ ಭಯ ಬಂದು ಕೂತಿತು. ಅಣ್ಣ ಯಾರಿಗೂ ಕಾಣದ ಹಾಗೆ ಎಡಗೈಯನ್ನೂ ಪರೀಕ್ಷೆ ಮಾಡುತ್ತಿದ್ದ. ಒಂಟಿಕಾಲಲ್ಲಿ ನಿಂತು ನೋಡುತ್ತಿದ್ದ. ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡುತ್ತಿದ್ದ. ತೊರಪಳ್ಳಿ ಕಡೆಯ ಒಂದು ಹುಡುಗಿಯ ಸಂಬಂಧ ಗಟ್ಟಿಯಾಗುವುದರಲ್ಲಿತ್ತು, ಬೇಡ ಅಂದುಬಿಟ್ಟ. ಹುಡುಗಿಗೆ ಏನು ಕಡಮೆ ಅಂತ ಅಮ್ಮ ಅತ್ತಳು. ಕಾರಣ ಅವನು ಹೇಳಿದ್ದು ನನಗೊಬ್ಬಳಿಗೆ, ರೆಸಾರ್ಟಿನ ಗೇಟಿನ ಹತ್ತಿರ ನನ್ನನ್ನು ಇಳಿಸಿ.

"ಅಪ್ಪನದೂ ಹೀಗೇ ಶುರುವಾಗಿದ್ದು, ಗೌರಿ. ಒಬ್ಬಳು ಹುಡುಗೀನ ತಂದು ನನ್ನ ಬಾಯಿ ಒರೆಸೋಕೆ ಕೂರಿಸ್ಲಾ?"

ನಾನು ಗೇಟಿನೊಳಗೆ ಹೋದೆ. ಅವತ್ತು ಐವತ್ತು ಜನಕ್ಕೆ ಈರುಳ್ಳಿ ಹೆಚ್ಚಿದೆ, ಅಳುವುದು ಯಾರಿಗೂ ಗೊತ್ತಾಗಲಿಲ್ಲ.

ಆಗಲಾದರೂ ಹೇಳಬೇಕಿತ್ತು. ಯಾಕೆ ಹೇಳಲಿಲ್ಲ ಅಂತ ನನ್ನನ್ನೇ ಎಷ್ಟು ಸಲ ಕೇಳಿಕೊಂಡಿದ್ದೇನೆ. ಆಗ ಇನ್ನೊಂದು ಭಯ ಹುಟ್ಟಿತ್ತು. ಹೇಳಿ, ಹ್ಯಾಂಡಲ್ ನೆಟ್ಟಗೆ ಮಾಡಿಸಿ, ಆಮೇಲೂ ಕೈ ಸರಿಹೋಗದಿದ್ದರೆ? ಆಗ ಅದು ಅಪ್ಪನ ಕಾಯಿಲೆಯೇ ಎಂದು ಗೊತ್ತಾಗಿಬಿಡುತ್ತದೆ. ಹೇಳದಿದ್ದಷ್ಟು ದಿನ, ಇಲ್ಲ, ಇದು ಹ್ಯಾಂಡಲಿನದು ಎಂದು ನಾನಾದರೂ ನಂಬಿಕೊಂಡಿರಬಹುದು. ನನಗೆ ಆ ನಂಬಿಕೆಯಾದರೂ ಇತ್ತು. ಅವನಿಗೆ ಅದೂ ಇರಲಿಲ್ಲ — ನಾನು ಕೊಟ್ಟಿರಲಿಲ್ಲ.

ಈಗ ಮೆಕ್ಯಾನಿಕ್ಕಿನ ವಿಷಯ. ನಾನು ಮಾಡಿದ್ದರಲ್ಲಿ ಅದು ಎಲ್ಲಕ್ಕಿಂತ ಕೆಟ್ಟದ್ದು. ಕ್ಲಚ್ ಕೇಬಲ್ ಹಾಕಿಸಲು ಮಸಿನಗುಡಿಯ ವರ್ಕ್‌ಶಾಪಿಗೆ ಹೋಗಿದ್ದೆವು. ಹೊಸ ಮೆಕ್ಯಾನಿಕ್, ಗೂಡಲೂರು ಕಡೆಯ ಮಲಯಾಳಿ, ಎಲ್ಲರೂ ಚೇಟ್ಟನ್ ಅನ್ನುತ್ತಿದ್ದರು. ಅವನು ಗಾಡಿಯ ಮುಂದೆ ಕೂತು ಒಂದು ಕಣ್ಣು ಮುಚ್ಚಿ ನೋಡಿದ.

"ವಂಡಿ ಬಿದ್ದಿದೆ ಮಾದೇಶಾ. ಮುಂದಿನ ಚಕ್ರ ಹಿಡಿಯೋ ಫೋರ್ಕ್ ತಿರುಚಿದೆ. ಅರ್ಧ ಗಂಟೆ ಕೆಲಸ, ಬಿಟ್ಟು ಹೋಗು."

ಅಣ್ಣ ನಕ್ಕ. ತನ್ನ ಗಾಡಿ ಬಿದ್ದರೆ ತನಗೆ ಗೊತ್ತಾಗುವುದಿಲ್ಲವೇ, ತಾನೇನು ನಿದ್ದೆಯಲ್ಲಿ ಓಡಿಸುತ್ತೇನೆಯೇ ಎಂದ. ಇಷ್ಟು ವರ್ಷದಲ್ಲಿ ಒಂದು ದಿನ ನೆಲ ಮುಟ್ಟಿಲ್ಲ ಎಂದ. ಚೇಟ್ಟನ್ ಒಪ್ಪಲಿಲ್ಲ. ಆಗ ಅಣ್ಣ ನನ್ನ ಕಡೆ ತಿರುಗಿದ.

"ದಿನಾ ಹಿಂದೆ ಕೂರೋಳು ಇವಳು. ಕೇಳು ಬೇಕಾದ್ರೆ. ಏನೇ ಗೌರಿ, ಬಿದ್ದಿದೆಯಾ?"

"ಬಿದ್ದಿಲ್ಲ" ಅಂದೆ.

ಚೇಟ್ಟನ್ ನನ್ನ ಮುಖವನ್ನೇ ನೋಡಿದ. ಅವನಿಗೆ ಗೊತ್ತಾಯಿತು ಅಂತ ನನಗೆ ಗೊತ್ತಾಯಿತು. ಅವನು ಕೈ ಒರೆಸಿಕೊಂಡು ಕ್ಲಚ್ ಕೇಬಲ್ ಎತ್ತಿಕೊಂಡ. ಇಲ್ಲದ ಕೆಲಸ ಹುಟ್ಟಿಸುತ್ತಾನೆ ಎಂದು ಅಣ್ಣ ದಾರಿಯುದ್ದಕ್ಕೂ ಬೈದ. ನನ್ನ ಮೇಲೆ ಅಷ್ಟು ನಂಬಿಕೆ ಅವನಿಗೆ. ಅರ್ಧ ಗಂಟೆಯ ಕೆಲಸ ಅದು. ಮೊಳೆ ಹೊಡೆದ ಹಾಗೆ ಆ ಮಾತು ತಲೆಯಲ್ಲಿ ಕೂತಿದೆ — ಅರ್ಧ ಗಂಟೆ.

ಇನ್ನೂ ಒಂದು ವರ್ಷ ಹಾಗೇ ಹೋಯಿತು. ಕೊನೆಗೆ ಅಮ್ಮ ಉಪವಾಸ ಕೂತು ಅವನನ್ನು ಊಟಿಯ ಆಸ್ಪತ್ರೆಗೆ ಹೊರಡಿಸಿದಳು. ಜೊತೆಗೆ ನಾನು. ಡಾಕ್ಟರಮ್ಮ ಕೈ ಒತ್ತಿ, ತಟ್ಟಿ, ಮಡಚಿ ನೋಡಿದರು. ಮಣಿಕಟ್ಟಿನ ಹತ್ತಿರ ನರ ಒತ್ತಿಕೊಂಡಿದೆ, ಬಹಳ ತಡ ಮಾಡಿದ್ದೀರಿ, ಎಷ್ಟು ವಾಪಸ್ ಬರುತ್ತದೋ ಈಗಲೇ ಹೇಳಲು ಆಗುವುದಿಲ್ಲ ಎಂದರು. ಗಾಡಿ ಓಡಿಸುವಾಗ ಕೈ ಮಡಚಿ ಹಿಡಿಯುತ್ತೀರಾ, ಎಲ್ಲಾದರೂ ಬಿದ್ದಿದ್ದೀರಾ ಎಂದು ಕೇಳಿದರು. ಇಲ್ಲ ಎಂದ ಅಣ್ಣ. ಅವನ ಪಕ್ಕದ ಸ್ಟೂಲಿನ ಮೇಲೆ ನಾನು ಬ್ಯಾಗ್ ತಬ್ಬಿಕೊಂಡು ಕೂತಿದ್ದೆ. ಅಲ್ಲೂ ಹೇಳಲಿಲ್ಲ.

ಹೊರಗೆ ಬಂದು ಅಣ್ಣ ಅಂದ, ಡಾಕ್ಟರಿಗೆ ಅಪ್ಪನ ವಿಷಯ ಗೊತ್ತಿಲ್ಲವಲ್ಲ, ಅದಕ್ಕೇ ಹಾಗೆ ಹೇಳಿದರು ಅಂತ. ಊರಲ್ಲಿ ಎಲ್ಲರೂ ಗಾಡಿ ಓಡಿಸ್ತಾರೆ, ನನಗೊಬ್ಬನಿಗೇ ಯಾಕೆ ಹೀಗಾಗಬೇಕು ಅಂತ. ಅದಕ್ಕೆ ಉತ್ತರ ಅವನ ಹಿಂದೆಯೇ ನಡೆದು ಬರುತ್ತಿತ್ತು.

ಕೈಗೆ ಪಟ್ಟಿ ಕಟ್ಟಿದ್ದರು. ಬಸ್ಸಿಗೆ ಹೋಗೋಣ ಎಂದರೆ ಕೇಳಲಿಲ್ಲ, ಗಾಡಿ ಇಲ್ಲೇ ಬಿಟ್ಟು ಹೋದರೆ ನಾಳೆ ಬ್ರೆಡ್ಡಿಗೆ ಏನು ಮಾಡುವುದು ಎಂದ. ಕಲ್ಲಟ್ಟಿ ಇಳಿಯುತ್ತಿದ್ದೆವು. ಮಂಜು ಇರಲಿಲ್ಲ, ಒಳ್ಳೆ ಬಿಸಿಲು. ಅರ್ಧ ಇಳಿದಿರಬಹುದು, ಒಂದು ತಿರುವು ತೆಗೆದುಕೊಂಡರೆ ಎದುರಿಗೆ ರಸ್ತೆಯ ನಡುವೆ ಒಂಟಿ ಕಾಟಿ, ಕಾಡುಕೋಣ. ಗೋಡೆಯ ಹಾಗೆ ನಿಂತಿತ್ತು. ಅಣ್ಣನ ಬೆರಳುಗಳು ಬ್ರೇಕ್ ಹಿಡಿಯಲಿಲ್ಲ. ಹಿಡಿಯಲು ಹೋಗಿ ಜಾರಿದ್ದನ್ನು ನಾನು ಅವನ ಭುಜದ ಮೇಲಿಂದ ನೋಡಿದೆ — ಸತ್ತ ಬೆರಳುಗಳು. ಎಡಗಡೆ ಕಣಿವೆ. ಅವನು ಕಾಲಿನ ಬ್ರೇಕನ್ನು ತುಳಿದು ಗಾಡಿಯನ್ನು ಬೆಟ್ಟದ ಕಡೆಯ ಚರಂಡಿಗೆ ಇಳಿಸಿದ. ನಿಂತಿತು. ಹತ್ತು ಹೆಜ್ಜೆ ಆಚೆ ಕಾಟಿ ನಮ್ಮನ್ನೇ ನೋಡುತ್ತಿತ್ತು. ಅದರ ಉಸಿರು ಕೇಳುತ್ತಿತ್ತು. ಅಣ್ಣನ ಬೆನ್ನು ನನ್ನ ಎದೆಗೆ ಒತ್ತಿತ್ತು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಅದು ತಲೆ ಕೊಡವಿ ಕೆಳಗಿನ ಲಂಟಾನದೊಳಗೆ ಇಳಿದು ಹೋಯಿತು.

ಅಣ್ಣ ಅಲ್ಲಿಂದ ಏಳಲಿಲ್ಲ. "ಅಮ್ಮನಿಗೆ ಹೇಳ್ಬೇಡ" ಅಂದ. ಆಮೇಲೆ, ತನಗೆ ಮಾತು ನಿಂತುಹೋದ ಮೇಲೆ ಬಾಯಿ ಒರೆಸುವವಳು ನಾನೇ ಆಗಬೇಕು, ಅಮ್ಮನಿಂದ ಅದನ್ನೆಲ್ಲ ಇನ್ನೊಂದು ಸಲ ನೋಡಲು ಆಗುವುದಿಲ್ಲ ಎಂದ. ತೀರಾ ಸಾಧಾರಣವಾಗಿ ಹೇಳಿದ, ನಾಳೆ ಅಕ್ಕಿ ತರಬೇಕು ಎನ್ನುವ ಹಾಗೆ.

ಇನ್ನು ಓಡಿಸಲು ಆಗುತ್ತಿರಲಿಲ್ಲ. ಗಾಡಿಯನ್ನು ನಡೆಸಿಕೊಂಡೇ ಇಳಿಯತೊಡಗಿದೆವು. ಎಡತುದಿ ಅವನು ಎಡಗೈಯಲ್ಲಿ ಹಿಡಿದ. ಬಲತುದಿ ನಾನು. ಇಳಿಜಾರಿನಲ್ಲಿ ಗಾಡಿಯ ಭಾರವೆಲ್ಲ ಬ್ರೇಕ್ ಹಿಡಿದ ನನ್ನ ಕೈಮೇಲೆ. ಮೂರು ತಿರುವು ಇಳಿಯುವಷ್ಟರಲ್ಲಿ ನನ್ನ ಮಣಿಕಟ್ಟು ಉರಿಯಲು ಶುರುವಾಯಿತು. ಐದನೆಯದಕ್ಕೆ ಬೆರಳು ಜುಮುಜುಮು ಅಂದವು. ಐದು ತಿರುವು. ಅವನು ಮೂರು ವರ್ಷ ದಿನಾ ಇದನ್ನು ಹಿಡಿದಿದ್ದ, ಹಿಡಿದು ನನ್ನನ್ನು ಕೆಲಸಕ್ಕೆ ಬಿಟ್ಟು ಬಂದಿದ್ದ.

ಅವನ ಬೆರಳುಗಳಿಗೆ ಇವತ್ತಿಗೂ ಪೂರ್ತಿ ಸ್ಪರ್ಶ ಬಂದಿಲ್ಲ. ಅಂಗಿಯ ಗುಂಡಿ ಎಡಗೈಯಲ್ಲೇ ಹಾಕಿಕೊಳ್ಳುತ್ತಾನೆ. ಕಾಯಿಲೆ ಮಾತ್ರ ಎಡಗೈಗೆ ಹಬ್ಬಲಿಲ್ಲ, ಕಾಲಿಗೆ ಹಬ್ಬಲಿಲ್ಲ. ಆದರೆ ಅವತ್ತು ಆ ತಿರುವಿನಲ್ಲಿ ಇದೊಂದೂ ನನಗೆ ಗೊತ್ತಿರಲಿಲ್ಲ. ಅವನು ಏನು ಮಾಡುತ್ತಾನೆ ಎಂದೂ ಗೊತ್ತಿರಲಿಲ್ಲ. ಕಾಟಿಯ ಮುಂದೆ ಕೂತಾಗಿನದಕ್ಕಿಂತ ಹೆಚ್ಚು ಹೆದರಿಕೆ ಆಗ. ನಾನು ನಿಂತೆ. ನಾನು ನಿಂತದ್ದರಿಂದ ಗಾಡಿ ನಿಂತಿತು, ಅವನೂ ನಿಂತ. ಏನಾಯ್ತೇ, ಕೈ ನೋವಾ ಎಂದು ಕೇಳಿದ. ಅವನು ನನ್ನನ್ನು ಕೇಳಿದ!

"ಅಣ್ಣ, ಇದು ಅಪ್ಪನ ಕಾಯಿಲೆ ಅಲ್ಲ. ಹ್ಯಾಂಡಲ್ ನೋಡು, ಸೊಟ್ಟಗಿದೆ. ನೀವು ಗುಂಡ್ಲುಪೇಟೆಗೆ ಹೋದ ದಿನ ಗಾಡಿ ಬೀಳಿಸಿದ್ದು ನಾನು. ಚೇಟ್ಟನ್ ಮುಂದೆ ಸುಳ್ಳು ಹೇಳಿದ್ದೂ ನಾನೇ. ನೀನು ಅಷ್ಟು ಹೆದರಿಕೊಂಡಿದ್ದು ನೋಡ್ತಾನೇ ಇದ್ದೆ, ಸುಮ್ಮನಿದ್ದೆ. ತಪ್ಪಾಯ್ತಣ್ಣ. ನನ್ನದು ತಪ್ಪಾಯ್ತು."